ರಾಮಗಿರಿಯಲ್ಲಿ ಅರಮನೆಯ ಕ್ರಿಸ್‌ಮಸ್

ಮೊನ್ನೆ ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಕಿತ್ತಳೆ ಸುಲಿದಳು. ಸಿಪ್ಪೆಯನ್ನು ಎಸೆಯದೆ ಕಿಟಕಿಯ ಅಂಚಿಗೆ ಇಟ್ಟಳು. ಮಧ್ಯಾಹ್ನದ ಬಿಸಿಲಿಗೆ ಕಿಟಕಿಯ ಸರಳುಗಳು ಕಾದಿದ್ದವು. ಕಿತ್ತಳೆ ಸಿಪ್ಪೆಯ ಘಾಟು, ಕಾದ ಕಬ್ಬಿಣದ ವಾಸನೆ, ಎರಡೂ ಒಟ್ಟಿಗೆ ಮೂಗಿಗೆ ಬಂದವು... ಚಿತ್ರದುರ್ಗ ಬರುವವರೆಗೂ ನಾನು ರಾಮಗಿರಿ ಸ್ಟೇಷನ್ನಿನ ಪಾರ್ಸೆಲ್ ಕೋಣೆಯ ಮುಂದೆಯೇ ನಿಂತಿದ್ದೆ.

ವಾಸನೆ ಹಳೆಯದನ್ನೆಲ್ಲ ಇದ್ದಂತೆಯೇ ಎತ್ತಿ ತರುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ತರುವುದು ನಿಜ, ದಾರಿಯಲ್ಲಿ ಏನೇನು ಸೇರಿಸಿಕೊಂಡು ಬಂತೋ ಹೇಳುವವರಿಲ್ಲ. ನಾನು ಚರಿತ್ರೆ ಓದಿದವನು. ಒಂದೇ ಸಾಕ್ಷಿ ಇದ್ದರೆ ಅನುಮಾನಿಸು, ಆ ಸಾಕ್ಷಿ ನೀನೇ ಆಗಿದ್ದರೆ ಇನ್ನೂ ಹೆಚ್ಚು ಅನುಮಾನಿಸು ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಆದ್ದರಿಂದ ಖಾತ್ರಿಯಿಲ್ಲದ್ದನ್ನು ಖಾತ್ರಿಯಿಲ್ಲ ಎಂದೇ ಬರೆಯುತ್ತೇನೆ.

ಆ ಕೋಣೆಯ ಮುಂದೆ ಕಿತ್ತಳೆ ಸಿಪ್ಪೆ ಒಣಗಿಸುತ್ತಿದ್ದವರು ಸ್ಟೇಷನ್ ಮಾಸ್ಟರ ಹೆಂಡತಿ. ಊರಿಗೆಲ್ಲ ಮಾಸ್ಟರಮ್ಮ. ಗಂಡ ಹೆಂಡತಿ ಇಬ್ಬರೂ ಕೋಲಾರದ ಚಿನ್ನದ ಗಣಿಯ ಕಡೆಯವರು, ಮಕ್ಕಳಿರಲಿಲ್ಲ. ರಾಮಗಿರಿಗೆ ವರ್ಗವಾಗಿ ಬಂದಾಗ ಊರಿನಲ್ಲಿ ಅವರದೊಂದೇ ಕ್ರೈಸ್ತರ ಮನೆ. ನಾನು ಆಗಷ್ಟೇ ಎಂ.ಎ. ಮುಗಿಸಿ, ಕಂಡಕಂಡಲ್ಲಿಗೆ ಅರ್ಜಿ ಹಾಕಿ, ಊರಿನಲ್ಲಿ ಅಪ್ಪನ ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದೆ. ಬೆಳಗಿನ ಪ್ಯಾಸೆಂಜರಿನಲ್ಲಿ ಪೇಪರು ಬರುತ್ತಿತ್ತು. ಅದನ್ನು ಓದುವ ನೆಪದಲ್ಲಿ ದಿನಾ ಸ್ಟೇಷನ್ನಿಗೆ ಹೋಗಿ ಮಧ್ಯಾಹ್ನದವರೆಗೆ ಕೂರುತ್ತಿದ್ದೆ. ಮಾಸ್ಟರು ನನ್ನನ್ನು ‘ಯೂನಿವರ್ಸಿಟಿ’ ಎಂದು ಕರೆಯುತ್ತಿದ್ದರು. "ಏನಪ್ಪಾ ಯೂನಿವರ್ಸಿಟಿ, ಇವತ್ತಾದ್ರೂ ಕೆಲ್ಸ ಬಂತಾ, ಬರೀ ಪೇಪರ್ರೇ ಬಂತಾ?"

ಮಾಸ್ಟರಮ್ಮನ ತಾಯಿ ಗಣಿಯ ಬ್ರಿಟಿಷ್ ಮ್ಯಾನೇಜರನ ಬಂಗಲೆಯಲ್ಲಿ ಅಡುಗೆಯವರಾಗಿದ್ದರಂತೆ. ಇಂಗ್ಲೆಂಡಿನ ಅರಮನೆಯವರು ಕ್ರಿಸ್‌ಮಸ್ ಹೇಗೆ ಮಾಡುತ್ತಾರೆ ಎಂಬುದು ಆ ಬಂಗಲೆಯ ದೊರೆಸಾನಿಯ ಬಾಯಿಂದ ತಾಯಿಗೆ, ತಾಯಿಯ ಬಾಯಿಂದ ಇವರಿಗೆ ಬಂದಿತ್ತು. ಅರಮನೆ ಎಲ್ಲೋ ಚಿಕ್ಕಜಾಜೂರಿನ ಆಚೆಗಿದೆಯೇನೋ ಎನ್ನುವ ಹಾಗೆ ಹೇಳುತ್ತಿದ್ದರು. "ಅರಮನೇಲಿ ಹಿಂದಿನ ದಿನ ಸಂಜೇನೇ ಉಡುಗೊರೆ ಬಿಚ್ಚಿಬಿಡ್ತಾರೆ ಕಣಪ್ಪ. ಬೆಲೆಬಾಳೋದು ಕೊಡಂಗಿಲ್ಲ. ನಗು ಬರೋ ಅಂಥದ್ದೇ ಕೊಡ್ಬೇಕು. ಅವ್ರ ಹತ್ರ ಇಲ್ಲದ್ದು ಏನೈತೆ, ನಗು ಒಂದು ಬಿಟ್ಟು?"

ಆ ನಿಯಮದಂತೆ ಅವರು ಹೊಳಲ್ಕೆರೆ ಸಂತೆಯಿಂದ ಉಡುಗೊರೆ ತರುತ್ತಿದ್ದರು. ಭೀಮಸಮುದ್ರದ ಅಡಿಕೆ ಸಾವ್ಕಾರರೊಬ್ಬರು ಮಾಸ್ಟರ ಗೆಳೆಯರು, ತಮ್ಮ ತೋಟದ ವೀಳ್ಯದೆಲೆಯನ್ನು ರೈಲಿಗೆ ಹಾಕಲು ಬರುತ್ತಿದ್ದವರು. ಅವರ ತಲೆಯಲ್ಲಿ ಒಂದೂ ಕೂದಲಿರಲಿಲ್ಲ, ಅವರಿಗೆ ಬಾಚಣಿಗೆ. ನನಗೆ ಮಗುವಿನ ಹಾಲಿನ ಶೀಶೆಯ ರಬ್ಬರ್ ತೊಟ್ಟು. "ಇನ್ನೂ ಅಪ್ಪನ ಮನೇಲೇ ಇದೀಯಲ್ಲ, ಹಾಲು ಬಿಡಿಸಿಲ್ಲ ಅಂತ ಲೆಕ್ಕ" ಎಂದು ಅವರು ನಕ್ಕಾಗ ನನಗೆ ಸಿಟ್ಟು ಬಂದಿತ್ತು. ಆಮೇಲೆ ನಾನೂ ನಕ್ಕೆ.

ಅರಮನೆಯವರು ಹಬ್ಬದ ಬೆಳಿಗ್ಗೆ ನಡೆದುಕೊಂಡೇ ಚರ್ಚಿಗೆ ಹೋಗುತ್ತಾರಂತೆ, ಜನ ದಾರಿಯ ಎರಡೂ ಕಡೆ ನಿಂತು ನೋಡುತ್ತಾರಂತೆ. ರಾಮಗಿರಿಯಲ್ಲಿ ಚರ್ಚಿರಲಿಲ್ಲ. ಮಾಸ್ಟರಮ್ಮ ರೇಷ್ಮೆ ಸೀರೆ ಉಟ್ಟು, ಗಂಡನ ತೋಳು ಹಿಡಿದು, ಪ್ಲಾಟ್‌ಫಾರಂ ಉದ್ದಕ್ಕೂ ನಡೆದು, ಕೊನೆಯಲ್ಲಿದ್ದ ಊರಿನ ಹೆಸರಿನ ಹಳದಿ ಹಲಗೆಯ ಕೆಳಗೆ ನಿಂತು ಪ್ರಾರ್ಥನೆ ಮಾಡಿ ಬರುತ್ತಿದ್ದರು. ಪಾಯಿಂಟ್ಸ್‌ಮನ್ ಸಾಬರು, ಹಳಿಯ ಕೀಲು ತಿರುಗಿಸಿ ಗಾಡಿಗೆ ದಾರಿ ಬದಲಿಸುವ ಕೆಲಸದವರು, ಹಸಿರು ಬಾವುಟ ಹಿಡಿದು ಮುಂದೆ ಮುಂದೆ ಓಡುತ್ತಿದ್ದರು. ಪ್ಲಾಟ್‌ಫಾರಮ್ಮಿನಲ್ಲಿ ಮಲಗಿದ್ದ ಮೇಕೆಗಳಿಗೆ ಅವರ ಕೂಗು: "ದೊರೆ ಸವಾರಿ ಬರ್ತಾ ಐತೆ, ಏಳ್ರೋ, ಸಲಾಂ ಹೊಡೀರೋ!"

ಇಷ್ಟೂ ಊರಿಗೆ ತಮಾಷೆ. ಆದರೆ ತೂಕದ ನಿಯಮ ಮಾತ್ರ ಯಾರಿಗೂ ಸಲೀಸಾಗಿ ಗಂಟಲಲ್ಲಿ ಇಳಿಯಲಿಲ್ಲ. ಅರಮನೆಯಲ್ಲಿ ಊಟಕ್ಕೆ ಮುಂಚೆ ಅತಿಥಿಗಳನ್ನೆಲ್ಲ ತೂಗುತ್ತಾರಂತೆ, ಊಟವಾದ ಮೇಲೆ ಇನ್ನೊಮ್ಮೆ. ತೂಕ ಏರಿರಬೇಕು. ಏರದಿದ್ದರೆ ಅತಿಥಿ ಸರಿಯಾಗಿ ಉಣ್ಣಲಿಲ್ಲ, ಮನೆಯವರು ಸರಿಯಾಗಿ ಬಡಿಸಲಿಲ್ಲ ಎಂದು ಅರ್ಥ. ಇದು ನಿಜವೇ ಎಂದು ಇತ್ತೀಚೆಗೆ ಮೊಬೈಲಿನಲ್ಲಿ ಹುಡುಕಿದೆ. ಹಾಗೊಂದು ಪದ್ಧತಿ ಇದೆಯೆಂದು ಕೆಲವರು ಬರೆದಿದ್ದಾರೆ. ಬರೆದವರು ಯಾರೂ ಆ ತಕ್ಕಡಿ ಹತ್ತಿದವರಲ್ಲ.

ನಾವು ಹತ್ತಿದ್ದೆವು. ಪಾರ್ಸೆಲ್ ಕೋಣೆಯ ಜಗಲಿಯಲ್ಲಿ ರೈಲ್ವೆಯ ಹಳೆಯ ತೂಕದ ಯಂತ್ರವಿತ್ತು. ಮೂಟೆ ಇಡಲು ಕಬ್ಬಿಣದ ಹಾಸು, ಎದೆಯೆತ್ತರಕ್ಕೆ ಅಡ್ಡ ದಂಡ, ದಂಡದ ಮೇಲೆ ಜಾರುವ ಹಿತ್ತಾಳೆಯ ಗುಂಡು. ಉಳಿದ ದಿನಗಳಲ್ಲಿ ಮಾಸ್ಟರಮ್ಮ ಕೇಕಿಗೆ ಬೇಕಾದ ಕಿತ್ತಳೆ ಸಿಪ್ಪೆಯನ್ನು ಆ ಹಾಸಿನ ಮೇಲೆಯೇ ಒಣಗಿಸುತ್ತಿದ್ದರು. ಅದು ಚೆನ್ನಾಗಿ ಕಾಯುತ್ತಿತ್ತು.

ಮೊದಲ ಸಲ ಸಾವ್ಕಾರರು ಹತ್ತಲು ಒಪ್ಪಲಿಲ್ಲ. "ಮನುಷ್ಯನ್ನ ತೂಗೋದು ತುಲಾಭಾರಕ್ಕೆ ಮಾತ್ರ ಕಣ್ರಮ್ಮಾ. ಸುಮ್‌ಸುಮ್ಕೆ ತೂಗಿದ್ರೆ ದೃಷ್ಟಿ ಆಗ್ತೈತೆ."

"ಅರಮನೆಯವ್ರಿಗೆ ಆಗದ ದೃಷ್ಟಿ ನಿಮಗಾಗ್ತೈತಾ ಸಾವ್ಕಾರ್ರೇ?"

ಅವರು ಜೇಬಿನಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಂಡು ಹತ್ತಿದರು. "ನಿಂಬೆಹಣ್ಣಿನ ತೂಕ ಕಳೀರಿ ಮಾಸ್ಟ್ರೇ, ಸಾವ್ಕಾರ್ರು ಕಾಟಾದಾಗೆ ಮೋಸ ಮಾಡ್ತಾ ಅವ್ರೆ" ಎಂದು ಪಾಯಿಂಟ್ಸ್‌ಮನ್ ಸಾಬರು ಕೂಗಿದರು. ಮಂಡಿ ನಡೆಸುವವರಿಗೆ ಕಾಟಾದ, ಅಂದರೆ ತೂಕದ, ಮೋಸ ಎಂದರೆ ಸಣ್ಣ ಮಾತಲ್ಲ. ಸಾವ್ಕಾರರು ಬಾಚಣಿಗೆ ತೆಗೆದು ಸಾಬರ ಮೇಲೆ ಎಸೆದರು.

ಊಟಕ್ಕೆ ಮಾಂಸ ಇರುತ್ತಿರಲಿಲ್ಲ. ನಾನು ಮತ್ತು ಸಾವ್ಕಾರರು ತಿನ್ನುವುದಿಲ್ಲವೆಂದು ಮನೆಯವರೂ ಬಿಟ್ಟಿದ್ದರು. "ರಾಣಿ ಮನೇಲಿ ಕೋಳಿ, ನಮ್ಮನೇಲಿ ಕುಂಬಳಕಾಯಿ" ಎಂದು ಮಾಸ್ಟರು ರೇಗಿಸುತ್ತಿದ್ದರು. ಹೋಳಿಗೆ, ಕುಂಬಳಕಾಯಿ ಹುಳಿ, ಮರಳು ತುಂಬಿದ ಪಾತ್ರೆಯೊಳಗೆ ಕೆಂಡದ ಮೇಲೆ ಬೆಂದ ಕೇಕು. ಆಮೇಲೆ ಎರಡನೆಯ ತೂಕ. ಮಾಸ್ಟರದು ದೊಡ್ಡ ಮೈ. ಅವರು ಹತ್ತಿದರೆ ಗುಂಡು ದಂಡದ ಬಲತುದಿಯವರೆಗೆ ಹೋಗುತ್ತಿತ್ತು. ಒಂದು ವರ್ಷ ಊಟವಾದ ಮೇಲೆ ಅದು ತುದಿಯ ಕೊಕ್ಕೆಗೆ ಹೋಗಿ ಟಣ್ ಎಂದು ಬಡಿಯಿತು. "ಇನ್ನು ದಂಡ ಇಲ್ಲ, ಮುಂದಿನ ವರ್ಷಕ್ಕೆ ಉದ್ದ ಮಾಡಿಸ್ಬೇಕು" ಎಂದು ಎಲ್ಲರೂ ನಕ್ಕದ್ದು ನೆನಪಿದೆ. ರಾತ್ರಿ ರೇಡಿಯೋದಲ್ಲಿ ರಾಣಿಯ ಭಾಷಣ. ಸಾಬರು ಅದು ಮುಗಿಯುವವರೆಗೆ ಕೈಕಟ್ಟಿ ನಿಂತಿದ್ದು ಕೇಳುತ್ತಿದ್ದರು: "ಏನಂದ್ರು?"

"ಎಲ್ಲಾರೂ ಚೆನ್ನಾಗಿರಿ ಅಂದ್ರು" ಎನ್ನುತ್ತಿದ್ದರು ಮಾಸ್ಟರಮ್ಮ.

"ಅಷ್ಟು ಹೇಳಾಕೆ ಇಷ್ಟೊತ್ತು ಬೇಕಾ?"

ಇಂಥ ಹಬ್ಬ ಎರಡು ನಡೆದವೋ ಮೂರೋ... ಕೊನೆಯದು ಮಾತ್ರ ಬೇರೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮಾಸ್ಟರ ಅಂಗಿಯ ಕೊರಳಪಟ್ಟಿ ಸಡಿಲಾಗಿತ್ತು. ಸೊಂಟದ ಬೆಲ್ಟಿಗೆ ಸಾಬರು ಮೊಳೆ ಕಾಯಿಸಿ ಹೊಸ ತೂತು ಮಾಡಿಕೊಟ್ಟಿದ್ದರು. ಉಂಡದ್ದು ಗಂಟಲಲ್ಲೇ ನಿಲ್ಲುತ್ತದೆ ಎನ್ನುತ್ತಿದ್ದರು. ಚಿತ್ರದುರ್ಗದ ಡಾಕ್ಟರು ಬೆಂಗಳೂರಿಗೆ ಹೋಗಿ ತೋರಿಸಿ ಎಂದು ಹೇಳಿ ಎರಡು ತಿಂಗಳಾಗಿತ್ತು. ಮಾಸ್ಟರು ರಜೆ ಸಿಗಲಿಲ್ಲ, ಬದಲಿ ಬರಲಿಲ್ಲ ಎಂದು ಮುಂದೂಡುತ್ತಿದ್ದರು. ಮಾಸ್ಟರಮ್ಮ ದಿನಾ ಹಠ ಮಾಡುತ್ತಿದ್ದರು. ಒಂದು ದಿನ ನನ್ನ ಎದುರಿಗೇ ಒಪ್ಪಂದವಾಯಿತು. ಮಾಸ್ಟರು ಹೇಳಿದರು: "ಹಬ್ಬದ ದಿನ ತೂಗಿ ನೋಡೋಣ. ಹೋದ ವರ್ಷಕ್ಕಿಂತ ತೂಕ ಇಳಿದಿದ್ರೆ ಮಾರನೇ ದಿನಾನೇ ಬೆಂಗಳೂರು. ಇಳೀದಿದ್ರೆ ನೀನು ಆ ಮಾತು ಎತ್ತಂಗಿಲ್ಲ."

ಹುಚ್ಚು ಒಪ್ಪಂದ. ಕಣ್ಣಿದ್ದವರಿಗೆ ತಕ್ಕಡಿ ಬೇಕಿರಲಿಲ್ಲ. ಆದರೆ ಜೀವಮಾನವೆಲ್ಲ ಮೂಟೆಗಳನ್ನು ತೂಗಿಸಿ ಬರೆದುಕೊಂಡ ಮನುಷ್ಯನಿಗೆ ಕಣ್ಣಿಗಿಂತ ದಂಡದ ಮೇಲೆ ನಂಬಿಕೆ.

ಹಬ್ಬದ ದಿನ ಮೊದಲು ಸಾವ್ಕಾರರು, ಸಾಬರು, ನಾನು ಹತ್ತಿ ಇಳಿದೆವು. ಆಮೇಲೆ ಮಾಸ್ಟರು ಬೂಟು ಬಿಚ್ಚದೆ ಹತ್ತಿದರು. ಗುಂಡನ್ನು ಸಾಬರು ಸರಿಸುತ್ತಿದ್ದರು. ಬಲತುದಿಯಲ್ಲಿಟ್ಟರು, ದಂಡ ದಪ್ಪನೆ ಕೆಳಗೆ ಬಿತ್ತು. ಸ್ವಲ್ಪ ಎಡಕ್ಕೆ ತಂದರು, ಏಳಲಿಲ್ಲ. ಇನ್ನೂ ಎಡಕ್ಕೆ. ಇನ್ನೂ... ಗುಂಡು ನಾನು ಹತ್ತಿದಾಗ ನಿಂತಿದ್ದ ಜಾಗವನ್ನೂ ದಾಟಿ ಈಚೆಗೆ ಬಂತು. ನಾನು ಆಗ ಬಡಕಲು ಹುಡುಗ. ಸಾಬರ ಕೈ ನಿಂತಿತು.

ಮಾಸ್ಟರಮ್ಮ ಕೈಯಲ್ಲಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎರಡು ತಿಂಗಳಿಂದ ಬೆಂಗಳೂರು ಬೆಂಗಳೂರು ಎಂದು ಕಾಡಿದವರು ಅವರೇ. ಆದರೂ ಆಗ ಅವರ ಬಾಯಿಂದ ಬಂದದ್ದು, "ಆ ತಕ್ಕಡಿ ಕೆಟ್ಟೋಗೈತೆ."

ಸಾವ್ಕಾರರು ತಕ್ಷಣ ಅದನ್ನು ಹಿಡಿದುಕೊಂಡರು. "ಹೌದೌದು, ಕೆಟ್ಟೈತೆ. ನಂದೂ ಕಮ್ಮಿ ತೋರಿಸ್ತು. ನಾನು ಅಷ್ಟು ಕಮ್ಮಿ ಇದೀನೇನ್ರಿ?" ಸಾಬರು, "ಮಳೇಗೆ ತುಕ್ಕು ಹಿಡಿದೈತೆ ಸಾರ್" ಎಂದರು. ನಾನೂ ಏನೋ ಅಂದೆ. ಹೌದು, ಕೆಟ್ಟಿರಬೇಕು ಅಂದೆ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಎಲ್ಲರೂ ಊಟಕ್ಕೆ ಕೂತೆವು. ಮಾಸ್ಟರು ಹೋಳಿಗೆಯ ಒಂದು ಚೂರನ್ನು ತಟ್ಟೆಯಲ್ಲಿ ಆಚೆ ಈಚೆ ತಳ್ಳುತ್ತಿದ್ದರು. ಎರಡನೆಯ ತೂಕ ಆ ವರ್ಷ ನಡೆಯಲಿಲ್ಲ.

ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾಸ್ಟರು ನಿಯಮದ ಮನುಷ್ಯ. ಸ್ಟೇಷನ್ನಿನ ತಕ್ಕಡಿ ಕೆಟ್ಟಿದೆ ಎಂದು ನಾಲ್ಕು ಜನರ ಮುಂದೆ ಮಾತು ಬಂದ ಮೇಲೆ ಅದರಲ್ಲಿ ಪಾರ್ಸೆಲ್ ತೂಗುವುದು ಅವರಿಗೆ ಸಾಧ್ಯವಿರಲಿಲ್ಲ. ಮಾರನೆಯ ದಿನ ಯಂತ್ರಕ್ಕೆ ‘ಕೆಟ್ಟಿದೆ’ ಎಂದು ಚೀಟಿ ಅಂಟಿಸಿ, ಮೇಲಿನವರಿಗೆ ವರದಿ ಕಳಿಸಿದರು. ರಾಮಗಿರಿಯಲ್ಲಿ ಪಾರ್ಸೆಲ್ ಬುಕಿಂಗ್ ನಿಂತಿತು. ಎಲೆಯ ಪೆಂಡಿಗಳನ್ನು ಹೇರಿಕೊಂಡು ಬಂದ ಸಾವ್ಕಾರರು ತಲೆ ಚಚ್ಚಿಕೊಂಡರು. "ಮಾಸ್ಟ್ರೇ, ಏನೋ ಅಮ್ಮೋರ ಮುಖ ನೋಡಿ ಒಂದು ಮಾತು ಅಂದೆ. ಈಗ ನಂದೇ ಎಲೆ ಬಾಡ್ತಾ ಐತಲ್ರೀ!"

"ನೀವೇ ಸಾಕ್ಷಿ ಅಂತ ಬರ್ದಿದೀನಿ ಸಾವ್ಕಾರ್ರೇ" ಎಂದರು ಮಾಸ್ಟರು. ನಗುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ. ಈಗ ಯೋಚಿಸಿದರೆ, ಅವರಿಗೆ ನಿಜ ಗೊತ್ತಿತ್ತು, ಇನ್ನಷ್ಟು ದಿನ ಬೇಕಿತ್ತು ಅಷ್ಟೇ ಅನ್ನಿಸುತ್ತದೆ. ಇದಕ್ಕೂ ನನ್ನ ಬಳಿ ಆಧಾರವಿಲ್ಲ. ಮಾಸ್ಟರಮ್ಮ ಮಾತ್ರ ಆ ದಿನಗಳಲ್ಲಿ ಹಗುರಾಗಿದ್ದರು. ಬೆಂಗಳೂರಿನ ಮಾತೇ ಎತ್ತಲಿಲ್ಲ. ಗಂಡನಿಗೆ ಗಂಜಿ, ರಾಗಿ ಹಿಟ್ಟು, ಎಳನೀರು. "ತಕ್ಕಡಿ ರಿಪೇರಿ ಆಗ್ಲಿ, ಆಮೇಲೆ ನೋಡೋಣ" ಎನ್ನುತ್ತಿದ್ದರು. ರಿಪೇರಿಯಾಗಬೇಕಾದದ್ದು ಅದೊಂದೇ ಎನ್ನುವ ಹಾಗೆ.

ಸಂಕ್ರಾಂತಿ ಕಳೆದ ಮೇಲೆ ತಪಾಸಣೆಯವರು ಬಂದರು. ತೂಕದ ಯಂತ್ರಗಳನ್ನು ಪರೀಕ್ಷಿಸುವ ರೈಲ್ವೆಯ ಇನ್‌ಸ್ಪೆಕ್ಟರು, ಮರದ ಪೆಟ್ಟಿಗೆಯಲ್ಲಿ ಕಬ್ಬಿಣದ ತೂಕದ ಬಟ್ಟುಗಳನ್ನು ಹೊರಿಸಿಕೊಂಡು ಪ್ಯಾಸೆಂಜರಿನಿಂದ ಇಳಿದರು. ಒಂದೊಂದೇ ಬಟ್ಟನ್ನು ಹಾಸಿನ ಮೇಲೆ ಇಡಿಸಿ ದಂಡ ನೋಡಿದರು. ಒಂದನ್ನು ಇಟ್ಟಾಗ ನೋಡಿದರು, ಎಲ್ಲವನ್ನೂ ಪೇರಿಸಿದಾಗ ನೋಡಿದರು. ದಂಡ ಪ್ರತಿ ಸಲವೂ ನೆಟ್ಟಗೆ ನಿಂತಿತು.

"ಯಾರ್ರೀ ಇದು ಕೆಟ್ಟಿದೆ ಅಂದೋರು? ಗುಲಗಂಜಿಯಷ್ಟೂ ವ್ಯತ್ಯಾಸ ಇಲ್ಲ" ಎಂದರು.

ಮಾಸ್ಟರಮ್ಮ ಅವರಿಗೆ ಕಾಫಿ ತಂದು ನಿಂತಿದ್ದರು. ಲೋಟ ಕೊಡಲಿಲ್ಲ. "ಇನ್ನೊಂದು ಸಲ ನೋಡ್ರಿ ಸಾರ್" ಎಂದರು.

ಪುಣ್ಯಾತ್ಮ ಇನ್ನೊಂದು ಸಲ ನೋಡಿದರು. ಅದೇ. ಮಾಸ್ಟರು ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದರು. "ಬಿಡು. ಅದೇನು ಮಾಡ್ತು ಪಾಪ" ಎಂದರು. ಆ ವಾರವೇ ಇಬ್ಬರೂ ಬೆಂಗಳೂರಿಗೆ ಹೊರಟರು. ಸಾವ್ಕಾರರ ಎಲೆಯೂ ಅದೇ ಗಾಡಿಗೆ ಏರಿತು. ಅಲ್ಲಿ ಆಪರೇಷನ್ ಆಯಿತು. ಮಾಸ್ಟರು ಮತ್ತೆ ಏಳಲೇ ಇಲ್ಲ. ಮಾಸ್ಟರಮ್ಮ ಸಾಮಾನು ತೆಗೆದುಕೊಂಡು ಹೋಗಲು ಬಂದ ದಿನ ನಾನು ಊರಿನಲ್ಲಿರಲಿಲ್ಲ, ಸಂದರ್ಶನಕ್ಕೆ ಹೋಗಿದ್ದೆ.

ನನಗೆ ಹೊಸದುರ್ಗದ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಬಹಳ ವರ್ಷಗಳ ನಂತರ ಸಾಬರು ಸಿಕ್ಕಾಗ ಹೇಳಿದರು, ಅಮ್ಮ ಹಿರಿಯೂರಿನಲ್ಲಿ ತಂಗಿಯ ಮನೆಯಲ್ಲಿದ್ದಾರೆ ಎಂದು. ಒಂದು ಡಿಸೆಂಬರಿನಲ್ಲಿ ಹುಡುಕಿಕೊಂಡು ಹೋದೆ. ಕೊಬ್ಬರಿ ಮಂಡಿಗಳ ಹಿಂದಿನ ಓಣಿ, ಎರಡು ಕೋಣೆಯ ಮನೆ. ಅವರು ತುಂಬ ಸಣ್ಣಗಾಗಿದ್ದರು. ನನ್ನನ್ನು ಗುರುತು ಹಿಡಿದರು, ಆದರೆ ಮೊದಲ ಸಲ ‘ನೀವು’ ಎಂದರು. "ಬರ್ರಿ, ಕುಂತ್ಕಳ್ರಿ. ಮೇಷ್ಟ್ರಾಗಿದೀರಂತೆ."

ಹಬ್ಬದ ಸುಳಿವೇನೂ ಮನೆಯಲ್ಲಿ ಇರಲಿಲ್ಲ. ಅದೂ ಇದೂ ಮಾತಾಡಿದ ಮೇಲೆ ನಾನು ಕೇಳದೆಯೇ ಅವರು ಶುರು ಮಾಡಿದರು.

"ಆ ಇನ್‌ಸ್ಪೆಕ್ಟ್ರು ಅಂದಿದ್ದು ನೆನಪೈತಲ್ಲ ನಿಮಗೆ? ತಕ್ಕಡಿ ಕೆಟ್ಟೈತೆ ಅಂದ್ರು. ಅಷ್ಟು ಗೊತ್ತಿದ್ದೂ ನಾನು ನಮ್ಮವ್ರನ್ನ ಕರ್ಕೊಂಡು ಹೋದೆ. ಚೆನ್ನಾಗಿದ್ದ ಮನುಷ್ಯನ್ನ ಕೊಯ್ಸಿದೆ."

"ಇಲ್ಲ ಮಾಸ್ಟರಮ್ಮ" ಎಂದೆ. "ಸರಿಯಾಗಿದೆ ಅಂದ್ರು. ಗುಲಗಂಜಿಯಷ್ಟೂ ವ್ಯತ್ಯಾಸ ಇಲ್ಲ ಅಂದ್ರು. ನಾನು ಅಲ್ಲೇ ಇದ್ದೆ."

"ನೀವು ಒಳಗಿದ್ರಿ. ಪೇಪರ್ ಓದ್ತಿದ್ರಿ."

"ಹೊರಗೇ ಇದ್ದೆ. ನೀವು ಕಾಫಿ ತಂದಿದ್ರಿ. ಇನ್ನೊಂದು ಸಲ ನೋಡಿ ಅಂತ ನೀವೇ ಹೇಳಿದ್ರಿ. ತಕ್ಕಡಿ ಸರಿ ಇತ್ತು, ಅವರಿಗೆ ಕಾಯಿಲೆ ಆಗಲೇ ಬಲಿತಿತ್ತು. ಕರ್ಕೊಂಡು ಹೋಗಿದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ."

ಅವರು ನನ್ನ ಮುಖವನ್ನು ನೋಡಿದರು. ಕರುಣೆಯಿಂದ ನೋಡಿದರು ಎಂದೇ ನನ್ನ ನೆನಪು.

"ಅವತ್ತು ಊಟಕ್ಕೆ ಮುಂಚೆ ಕೆಟ್ಟೈತೆ ಅಂದ್ರಿ, ಎಲ್ಲಾರೂ ಸೇರಿ. ನನಗೆ ಸಮಾಧಾನ ಆಗ್ಲಿ ಅಂತ. ಇವತ್ತು ಸರಿ ಐತೆ ಅಂತೀರಿ. ಅದೂ ನನಗೆ ಸಮಾಧಾನ ಆಗ್ಲಿ ಅಂತಾನೇ. ನೀವೆಲ್ಲಾ ಒಳ್ಳೇವ್ರು ಕಣ್ರಿ. ನಿಮ್ಮ ಮಾತು ಹೆಂಗೆ ನಂಬ್ಲಿ?"

ತಂಗಿ ಒಳಗಿನಿಂದ ಬಂದು, "ಅಕ್ಕ ದಿನಾ ಇದೇ ಹೇಳೋದು, ನೀವು ಮನಸ್ಸಿಗೆ ಹಚ್ಚಿಕೊಬೇಡ್ರಿ" ಎಂದರು. ಹೊರಡುವಾಗ ಮಾಸ್ಟರಮ್ಮ ಬಾಗಿಲವರೆಗೆ ಬಂದು ಕೇಳಿದರು: "ಊಟ ಮಾಡ್ಕೊಂಡು ಹೋಗ್ರಿ ಅನ್ನಬೇಕಿತ್ತು. ಮನೇಲಿ ಏನೂ ಮಾಡಿಲ್ಲ. ಬೇಜಾರಾಯ್ತಾ?" ಹೆದ್ದಾರಿಯ ಬಸ್ಸು ಹಿಡಿದು ಬಂದೆ. ಮತ್ತೆ ಹೋಗಬೇಕು, ಸಾಬರನ್ನೋ ಸಾವ್ಕಾರರನ್ನೋ ಜೊತೆಗೆ ಕರೆದೊಯ್ದು ಹೇಳಿಸಬೇಕು ಎಂದುಕೊಂಡೆ. ಸಾವ್ಕಾರರು ಅಷ್ಟರಲ್ಲಿ ತೀರಿಕೊಂಡಿದ್ದರು. ಸಾಬರಿಗೆ ಮಾತು ಬಿದ್ದುಹೋಗಿತ್ತು. ಇದ್ದಿದ್ದರೂ ಏನು... ಅವರೂ ಅವತ್ತು ತುಕ್ಕು ಹಿಡಿದೈತೆ ಎಂದವರೇ.

ಮಾಸ್ಟರಮ್ಮ ಹೋದ ವರ್ಷ ತೀರಿಕೊಂಡರೆಂದು ತಂಗಿ ಫೋನ್ ಮಾಡಿ ಹೇಳಿದರು. ಕೊನೆಯ ದಿನಗಳಲ್ಲೂ ಅದೇ ಮಾತು ಆಡುತ್ತಿದ್ದರೇ ಎಂದು ಕೇಳಿದೆ. ಹೌದು ಎಂದರು.

ಸಾಬರೂ ಈಗಿಲ್ಲ. ಆ ಜಗಲಿಯಲ್ಲಿ ನಿಂತಿದ್ದ ನಮ್ಮವರಲ್ಲಿ ಉಳಿದವನು ನಾನೊಬ್ಬನೇ. ನಾನು ಬರೆದದ್ದೇ ನಿಲ್ಲುತ್ತದೆ, ಅಲ್ಲ ಎನ್ನುವವರಿಲ್ಲ. ಇದು ಗೆಲುವಿನ ಹಾಗೆ ಕಾಣುವುದಿಲ್ಲ. ಕೆಲವು ದಿನ ದಂಡ ನೆಟ್ಟಗೆ ನಿಂತದ್ದು, ಕಾಫಿಯ ಲೋಟದಿಂದ ಹಬೆ ಏಳುತ್ತಿದ್ದದ್ದು ಎಲ್ಲವೂ ಕಣ್ಣಿಗೆ ಕಟ್ಟಿದಂತಿರುತ್ತದೆ. ಕೆಲವು ದಿನ ನಾನು ನಿಜವಾಗಿ ಒಳಗೇ ಇದ್ದೆನೇನೋ, ಪೇಪರಿನ ಹಿಂದಿನಿಂದ ಬರೀ ದನಿಗಳನ್ನು ಕೇಳಿದೆನೇನೋ ಅನ್ನಿಸುತ್ತದೆ. ಅಂಥ ದಿನಗಳಲ್ಲೂ, ಅವರು ಗಂಡನನ್ನು ಕರೆದೊಯ್ದದ್ದು ತಪ್ಪಲ್ಲ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಬೇಕಾಗಿದ್ದವರು ಇಲ್ಲ. ಇದ್ದಿದ್ದರೂ ನಂಬುತ್ತಿರಲಿಲ್ಲ.